ವಾಯುದೂರ ಮತ್ತು ಪ್ರಯಾಣದ ಅವಧಿ: ಮಂಡಕಳ್ಳಿಯಿಂದ ದೇವನಹಳ್ಳಿಗೆ

ಎರಡು ವಿಮಾನ ನಿಲ್ದಾಣಗಳ ನಡುವೆ ಭೂಮಿಯ ಮೇಲ್ಮೈಗುಂಟ ಎಳೆಯಬಹುದಾದ ಅತಿ ಗಿಡ್ಡ ಗೆರೆಯ ಉದ್ದಕ್ಕೆ ವಾಯುದೂರ ಎನ್ನುತ್ತಾರೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೂ ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ನಡುವೆ ಇದು ಸುಮಾರು 157 ಕಿ.ಮೀ., ಅಂದರೆ 85 ನಾಟಿಕಲ್ ಮೈಲಿ. ಈ ಅಂಕಿ ಬದಲಾಗುವುದಿಲ್ಲ. ಪ್ರಯಾಣದ ಅವಧಿಯನ್ನು ಮಾತ್ರ ಹೀಗೆ ಒಂದೇ ಅಂಕಿಯಲ್ಲಿ ಹೇಳಿ ಮುಗಿಸಲು ಬರುವುದಿಲ್ಲ. ಅದು ಗಾಳಿ, ಋತು, ವಿಮಾನದ ಜಾತಿ, ರನ್‌ವೇಯ ದಿಕ್ಕು ಇವುಗಳ ಮೇಲೆ ನಿಂತಿದೆ. ನಿಲ್ದಾಣ ತಲುಪಲು ಹಿಡಿಯುವ ಹೊತ್ತನ್ನೂ ಸೇರಿಸಿಕೊಂಡರಂತೂ ಲೆಕ್ಕವೇ ಬೇರೆಯಾಗುತ್ತದೆ. ದಾರಿ ಗಿಡ್ಡವಾದಷ್ಟೂ ವಾಯುದೂರಕ್ಕೆ ಬೆಲೆ ಕಡಿಮೆ. ಮೈಸೂರು–ಬೆಂಗಳೂರು ವಿಮಾನ ಸೇವೆ ಹತ್ತಾರು ವರ್ಷಗಳಿಂದ ಶುರುವಾಗುತ್ತ ನಿಲ್ಲುತ್ತ ಬಂದಿರುವುದಕ್ಕೆ ದೊಡ್ಡ ಕಾರಣ ಇದೇ.

ದೂರವನ್ನು ಅಳೆಯುವ ಬಗೆ

ಮಂಡಕಳ್ಳಿ ಇರುವುದು ಸುಮಾರು 12.23 ಡಿಗ್ರಿ ಉತ್ತರ ಅಕ್ಷಾಂಶ, 76.66 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಕೆಂಪೇಗೌಡ ನಿಲ್ದಾಣ 13.20 ಡಿಗ್ರಿ ಉತ್ತರ, 77.71 ಡಿಗ್ರಿ ಪೂರ್ವದಲ್ಲಿದೆ. ಅಕ್ಷಾಂಶದ ಒಂದು ಡಿಗ್ರಿಗೆ ನಮ್ಮ ಭಾಗದಲ್ಲಿ ಹತ್ತಿರ ಹತ್ತಿರ 110.6 ಕಿ.ಮೀ. ರೇಖಾಂಶದ ಒಂದು ಡಿಗ್ರಿ ಸಮಭಾಜಕದಿಂದ ಧ್ರುವದ ಕಡೆ ಹೋದಂತೆ ಕಿರಿದಾಗುತ್ತದೆ. ಮೈಸೂರು–ಬೆಂಗಳೂರು ಪಟ್ಟಿಯಲ್ಲಿ ಸುಮಾರು 108.6 ಕಿ.ಮೀ. ಹಾಗಾಗಿ ಉತ್ತರಕ್ಕೆ 107 ಕಿ.ಮೀ., ಪೂರ್ವಕ್ಕೆ 114 ಕಿ.ಮೀ. ಹೈಸ್ಕೂಲಿನಲ್ಲಿ ಕಲಿತ ಲಂಬಕೋನ ತ್ರಿಭುಜದ ಸೂತ್ರ ಹಾಕಿದರೆ ಕರ್ಣ 157 ಕಿ.ಮೀ. ಎಂದು ಬರುತ್ತದೆ. ಇಷ್ಟು ಕಡಿಮೆ ದೂರಕ್ಕೆ ಭೂಮಿ ಗುಂಡಗಿದೆಯೆಂದು ಲೆಕ್ಕ ಹಾಕಿದರೂ ಚಪ್ಪಟೆಯೆಂದು ಹಾಕಿದರೂ ಸಿಗುವ ವ್ಯತ್ಯಾಸ ಗಣನೆಗೆ ಬಾರದು.

ದೂರ ಸಾವಿರಾರು ಕಿಲೋಮೀಟರ್ ಆದಾಗ ಈ ಸುಲಭದ ದಾರಿ ಮುಚ್ಚುತ್ತದೆ. ಆಗ ಮಹಾವೃತ್ತದ ಲೆಕ್ಕ ಬೇಕು. ಭೂಮಿಯ ಕೇಂದ್ರದ ಮೂಲಕ ಹಾಯುವಂತೆ ಗೋಳವನ್ನು ಎರಡು ಹೋಳು ಮಾಡಿದರೆ ಮೇಲ್ಮೈಯಲ್ಲಿ ಕಾಣುವ ಅಂಚೇ ಮಹಾವೃತ್ತ. ಎರಡು ಊರುಗಳ ನಡುವಿನ ಅತಿ ಸಮೀಪದ ದಾರಿ ಅದರ ಒಂದು ತುಣುಕು. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಇದಕ್ಕೆ ಒಳ್ಳೆಯ ಉದಾಹರಣೆ. ಗೋಡೆಯ ಮೇಲಿನ ನಕ್ಷೆ ನೋಡಿದವರಿಗೆ ಪೂರ್ವಕ್ಕೆ ಹೊರಟು ಪೆಸಿಫಿಕ್ ಸಾಗರ ದಾಟುವುದೇ ಹತ್ತಿರ ಎನಿಸುತ್ತದೆ. ಆದರೆ ಬೆಂಗಳೂರಿನ ರೇಖಾಂಶವನ್ನು ಉತ್ತರ ಧ್ರುವದ ಮೇಲೆ ದಾಟಿಸಿ ಆಚೆ ಬದಿಗೆ ಎಳೆದರೆ ಅದು ಅಮೆರಿಕದ ನಡುಭಾಗದಲ್ಲಿ ಇಳಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಅಲ್ಲಿಂದ ಪಶ್ಚಿಮಕ್ಕೆ ಇಪ್ಪತ್ತು ಡಿಗ್ರಿ ಅಷ್ಟೆ. ಆದ್ದರಿಂದ ಅತಿ ಗಿಡ್ಡ ದಾರಿ ಧ್ರುವದ ಪಕ್ಕದಲ್ಲೇ ಹಾದುಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ನೇರ ವಿಮಾನ ಆರಂಭಿಸಿದಾಗ ಮೊದಲ ಹಾರಾಟ ಉತ್ತರ ಧ್ರುವದ ಮೇಲಿನಿಂದಲೇ ಬಂದು ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ವಾಯುದೂರ 13,993 ಕಿ.ಮೀ.; ಹಾರಾಟಕ್ಕೆ ಹಿಡಿದದ್ದು 17 ಗಂಟೆಗೂ ಹೆಚ್ಚು.

ವಿಮಾನಯಾನದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದು ಪ್ರಯಾಣಿಕರ ಅನುಕೂಲಕ್ಕೆ. ಪೈಲಟ್‌ಗಳ ಮತ್ತು ವಾಯು ಸಂಚಾರ ನಿಯಂತ್ರಕರ (ಎಟಿಸಿ) ಮಾತೆಲ್ಲ ನಾಟಿಕಲ್ ಮೈಲಿಯಲ್ಲಿ. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಒಂದು ಭಾಗಕ್ಕೆ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ. ನಿಗದಿಯಾದ ಬೆಲೆ 1.852 ಕಿ.ಮೀ. ಗಂಟೆಗೆ ಒಂದು ನಾಟಿಕಲ್ ಮೈಲಿ ಹೋದರೆ ಅದು ಒಂದು ನಾಟ್ ವೇಗ.

ವಿಮಾನ ಬರುವ ಮೊದಲು ಅಳೆದ ವಾಯುದೂರ

ವಾಯುದೂರವನ್ನು ಕಂಡುಹಿಡಿಯಲು ವಿಮಾನ ಬೇಕಿಲ್ಲ. ದಕ್ಷಿಣ ಭಾರತದಲ್ಲಿ ಆ ಕೆಲಸ ವಿಮಾನಕ್ಕಿಂತ ನೂರು ವರ್ಷ ಮೊದಲೇ ನಡೆದಿತ್ತು, ಶುರುವಾದದ್ದೂ ಮೈಸೂರು ಸೀಮೆಯಲ್ಲೇ. ಶ್ರೀರಂಗಪಟ್ಟಣದ 1799ರ ಮುತ್ತಿಗೆಯಲ್ಲಿ ಬ್ರಿಟಿಷ್ ಸೈನ್ಯದ ಜೊತೆಗಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, ಟಿಪ್ಪು ಮಡಿದ ಮೇಲೆ ಈ ಸೀಮೆಯನ್ನು ತ್ರಿಕೋನ ಪದ್ಧತಿಯಲ್ಲಿ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದ. ಮುಂದೆ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಎಂದು ಹೆಸರಾದ ಕೆಲಸ 1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಪಕ್ಕದಲ್ಲಿ ಆರಂಭವಾಯಿತು. ಏಳೂವರೆ ಮೈಲಿಯ ಆಧಾರರೇಖೆಯನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆಯಲು ಅವನಿಗೆ 57 ದಿನ ಹಿಡಿಯಿತು. ಆ ಗುಡ್ಡದ ಮಗ್ಗುಲಲ್ಲೇ ಇಂದು ಚೆನ್ನೈ ವಿಮಾನ ನಿಲ್ದಾಣವಿದೆ.

ಅಲ್ಲಿಂದ ಲ್ಯಾಂಬ್ಟನ್ ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಹೊರಿಸಿಕೊಂಡು, ಬೆಟ್ಟದಿಂದ ಬೆಟ್ಟಕ್ಕೆ ಕೋನ ಹಿಡಿಯುತ್ತ, ಮೈಸೂರು ಸೀಮೆಯನ್ನು ಹಾಯ್ದು ಮಂಗಳೂರಿನ ಕಡಲತೀರ ಮುಟ್ಟಿದ. ಪೂರ್ವದಿಂದ ಪಶ್ಚಿಮಕ್ಕೆ ಪರ್ಯಾಯದ್ವೀಪದ ಅಗಲ 400 ಮೈಲಿ ಎಂದು ಅಲ್ಲಿಯವರೆಗಿನ ನಕ್ಷೆಗಳು ಹೇಳುತ್ತಿದ್ದವು. ಅವನ ಲೆಕ್ಕದಲ್ಲಿ ಬಂದದ್ದು 360. ನಕ್ಷೆಯಲ್ಲಿದ್ದ ನಲವತ್ತು ಮೈಲಿ ನೆಲ ಇಲ್ಲವೇ ಇಲ್ಲ ಎಂದಾಯಿತು. ಇಂದಿನ ಚೆನ್ನೈ ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಿರ್ದೇಶಾಂಕಗಳನ್ನು ಹಿಡಿದು ಲೆಕ್ಕ ಹಾಕಿದರೆ ಸಿಗುವುದು ಸುಮಾರು 573 ಕಿ.ಮೀ., ಅಂದರೆ 356 ಮೈಲಿ. ಉಪಗ್ರಹದ ನೆರವಿಲ್ಲದೆ, ಕಾಡು ಜ್ವರದ ನಡುವೆ ಕೈಯಲ್ಲಿ ಅಳೆದ ಅಂಕಿ ಇದರ ಇಷ್ಟು ಸಮೀಪ ಬಂದಿರುವುದು ಈ ವಿಷಯದಲ್ಲಿ ಬರೆಯುವ ಯಾರನ್ನಾದರೂ ಒಂದು ಗಳಿಗೆ ನಿಲ್ಲಿಸುತ್ತದೆ.

ಹಾರುವ ಹೊತ್ತು, ಹೇಳುವ ಹೊತ್ತು

ಮಂಡಕಳ್ಳಿಗೆ ಬಂದುಹೋಗುವುದು ಹೆಚ್ಚಾಗಿ ಎಟಿಆರ್-72 ಎಂಬ, ಪಂಖ ತಿರುಗುವ ಎಪ್ಪತ್ತರ ಆಸುಪಾಸು ಸೀಟಿನ ವಿಮಾನ. ಗಂಟೆಗೆ 500 ಕಿ.ಮೀ. ಇದರ ಸಾಮಾನ್ಯ ವೇಗ. ಹಾಗೆಂದ ಮೇಲೆ 157 ಕಿ.ಮೀ. ದೂರವನ್ನು 19 ನಿಮಿಷದಲ್ಲಿ ಮುಗಿಸಬೇಕು. ಆದರೆ ವೇಳಾಪಟ್ಟಿಯಲ್ಲಿ ಕಾಣುತ್ತಿದ್ದುದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಉಳಿದ ಹೊತ್ತು ಹೋಗುವುದೆಲ್ಲಿ?

ವೇಳಾಪಟ್ಟಿಯಲ್ಲಿ ಬರೆಯುವುದು ಬ್ಲಾಕ್ ಟೈಮ್. ಚಕ್ರಕ್ಕೆ ಕೊಟ್ಟ ಅಡೆ ತೆಗೆದು ವಿಮಾನ ಮಿಸುಕಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ಮತ್ತೆ ಅಡೆ ಕೊಡುವವರೆಗಿನ ಹೊತ್ತು ಅದು. ರನ್‌ವೇ ಕಡೆ ತೆವಳುವುದು, ಸರದಿಗೆ ಕಾಯುವುದು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಹೋಗುವುದು ಎಲ್ಲ ಅದರೊಳಗೆ ಸೇರಿದೆ. ಮಂಡಕಳ್ಳಿಯಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಡ. ದೇವನಹಳ್ಳಿಯಲ್ಲಿ 4,000 ಮೀಟರ್ ಉದ್ದದ ಎರಡು ರನ್‌ವೇಗಳಿವೆ. ಎರಡನೆಯದು 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂತು. ಅಲ್ಲಿ ಇಳಿದ ಮೇಲೆ ನೆಲದ ಮೇಲೆ ಸಾಗುವ ದಾರಿಯೇ ಕೆಲವು ಕಿಲೋಮೀಟರ್ ಆಗುವುದುಂಟು.

ಆಕಾಶದಲ್ಲಿಯೂ ವಿಮಾನ ಉದ್ದಕ್ಕೂ 500 ಕಿ.ಮೀ. ವೇಗದಲ್ಲಿ ಹೋಗುವುದಿಲ್ಲ. ಏರುವಾಗ ವೇಗ ಕಡಿಮೆ, ಇಳಿಯಲು ಅಣಿಯಾಗುವಾಗ ಇನ್ನೂ ಕಡಿಮೆ. ಹತ್ತು ಸಾವಿರ ಅಡಿಗಿಂತ ಕೆಳಗೆ 250 ನಾಟ್ ಮೀರಬಾರದೆಂಬ ನಿಯಮ ಬೇರೆ. ಮೈಸೂರಿನಿಂದ ಹೊರಟ ವಿಮಾನ ಏರುವುದು ಮುಗಿಸಿ ಸಮತಲಕ್ಕೆ ಬರುವಷ್ಟರಲ್ಲಿ ಇಳಿಯುವ ತಯಾರಿ ಶುರುವಾಗಿರುತ್ತದೆ. ಇಂಥ ದಾರಿಯಲ್ಲಿ ಗಂಟೆಗೆ 830 ಕಿ.ಮೀ. ಹೋಗುವ ಜೆಟ್ ಹಾಕಿದರೂ ಉಳಿಯುವುದು ನಾಲ್ಕಾರು ನಿಮಿಷ. ಜೊತೆಗೆ ಇಳಿಯುವ ನೆಲವೇ ಎತ್ತರದಲ್ಲಿದೆ: ಮಂಡಕಳ್ಳಿ ಸಮುದ್ರಮಟ್ಟದಿಂದ ಸುಮಾರು 715 ಮೀಟರ್, ದೇವನಹಳ್ಳಿ 915 ಮೀಟರ್.

ರನ್‌ವೇಯ ದಿಕ್ಕಿನ ಆಟ ಇನ್ನೂ ಸ್ವಾರಸ್ಯಕರ. ಮಂಡಕಳ್ಳಿಯ ರನ್‌ವೇಯ ಎರಡು ತುದಿಗಳಲ್ಲಿ 09 ಮತ್ತು 27 ಎಂದು ಬರೆದಿರುತ್ತದೆ. 90 ಡಿಗ್ರಿ ಪೂರ್ವ, 270 ಡಿಗ್ರಿ ಪಶ್ಚಿಮ, ಕೊನೆಯ ಸೊನ್ನೆ ಬಿಟ್ಟು. ದೇವನಹಳ್ಳಿಯ ರನ್‌ವೇಗಳೂ ಪೂರ್ವ–ಪಶ್ಚಿಮವೇ. ವಿಮಾನ ಏರುವುದೂ ಇಳಿಯುವುದೂ ಎದುರುಗಾಳಿಗೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ವಿಮಾನ ಮೈಸೂರಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಏರಿ, ಆಮೇಲೆ ಈಶಾನ್ಯಕ್ಕೆ ಹೊರಳಬೇಕು. ಬೆಂಗಳೂರು ಸಮೀಪಿಸಿದ ಮೇಲೆ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ಹಿಂತಿರುಗಿ ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕು. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸತೊಡಗಿದಾಗ ಈ ಎರಡು ಸುತ್ತೂ ತಪ್ಪುತ್ತವೆ. ಹೊರಟ ದಿಕ್ಕಿನಲ್ಲೇ ಹೋಗಿ ಇಳಿಯಬಹುದು. ಅದೇ ಎರಡು ನಿಲ್ದಾಣ, ಅದೇ 157 ಕಿ.ಮೀ. ಆದರೂ ಆಷಾಢದಲ್ಲಿ ಹಾರುವ ದಾರಿ ಪುಷ್ಯದಲ್ಲಿ ಹಾರುವ ದಾರಿಗಿಂತ ಉದ್ದ. ಚಳಿಗಾಲಕ್ಕೆ ಅದರದೇ ತಾಪತ್ರಯವುಂಟು: ಡಿಸೆಂಬರ್–ಜನವರಿಯ ಬೆಳಗಿನ ಜಾವ ದೇವನಹಳ್ಳಿಯ ಸುತ್ತ ಕವಿಯುವ ಮಂಜು ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡಬಲ್ಲದು.

ದೂರವನ್ನು ಬ್ಲಾಕ್ ಟೈಮಿನಿಂದ ಭಾಗಿಸಿದರೆ ನಿಜವಾದ ವೇಗ ಗೊತ್ತಾಗುತ್ತದೆ. ಮೈಸೂರು–ಬೆಂಗಳೂರು 55 ನಿಮಿಷ ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 170 ಕಿ.ಮೀ. ಮೈಸೂರು–ಹೈದರಾಬಾದ್ 585 ಕಿ.ಮೀ.; ಅದೇ ಎಟಿಆರ್ ಒಂದೂ ಮುಕ್ಕಾಲು ಗಂಟೆಯಲ್ಲಿ ತಲುಪಿಸಿದರೆ ಗಂಟೆಗೆ 330 ಕಿ.ಮೀ. ದಾಟಿತು. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಹಾರಾಟದಲ್ಲಿ ಇದು 800ರ ಹತ್ತಿರ. ವಿಮಾನದ ವೇಗವೆಂದು ನಾವು ಹೊಗಳುವುದೆಲ್ಲ ದೂರದ ದಾರಿಯಲ್ಲಿ ಮಾತ್ರ ಕೈಗೆ ಸಿಗುವಂಥದ್ದು.

ಸರ್ಕಾರದ ನಿಯಮಗಳೂ ದೂರ ಮತ್ತು ಹೊತ್ತನ್ನು ಒಟ್ಟಿಗೆ ಕಟ್ಟಿವೆ. 2016ರಲ್ಲಿ ಘೋಷಣೆಯಾದ ಉಡಾನ್ ಯೋಜನೆ ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಹಾರಾಟ ಎಂದು ಸಮೀಕರಿಸಿ, ಅದರಲ್ಲಿ ಒಂದಿಷ್ಟು ಸೀಟುಗಳ ದರವನ್ನು 2,500 ರೂಪಾಯಿಗೆ ಮಿತಿಗೊಳಿಸಿತು. ಕೊರೊನಾ ಲಾಕ್‌ಡೌನ್ ಸಡಿಲಿಸಿ 2020ರ ಮೇ 25ರಂದು ದೇಶದೊಳಗಿನ ವಿಮಾನಗಳು ಮತ್ತೆ ಹಾರಿದಾಗ ಕೇಂದ್ರ ಸರ್ಕಾರ ದೂರವನ್ನು ಪಕ್ಕಕ್ಕಿಟ್ಟು ಹಾರಾಟದ ಅವಧಿಯ ಮೇಲೆ ಏಳು ವರ್ಗ ಮಾಡಿತು. 40 ನಿಮಿಷಕ್ಕಿಂತ ಕಡಿಮೆಯಾದರೆ 2,000ದಿಂದ 6,000 ರೂಪಾಯಿ, 40ರಿಂದ 60 ನಿಮಿಷಕ್ಕೆ 2,500ರಿಂದ 7,500, ಹೀಗೆ ಮೇಲೇರುತ್ತ ಹೋಗುತ್ತಿತ್ತು. 2022ರ ಆಗಸ್ಟ್ 31ಕ್ಕೆ ಆ ದರಪಟ್ಟಿ ರದ್ದಾಯಿತು. ಅಷ್ಟು ಕಾಲ ವೇಳಾಪಟ್ಟಿಯ ಒಂದೊಂದು ನಿಮಿಷಕ್ಕೂ ರೂಪಾಯಿಯ ಲೆಕ್ಕವಿತ್ತು.

ಮನೆ ಬಾಗಿಲಿನಿಂದ ಎಣಿಸಿದರೆ

ಮಂಡಕಳ್ಳಿ ಮೈಸೂರಿನ ಹೆಸರು ಹೊತ್ತಿದ್ದರೂ ಇರುವುದು ನಂಜನಗೂಡು ರಸ್ತೆಯಲ್ಲಿ, ಊರಿನಿಂದ ದಕ್ಷಿಣಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಆಚೆ. ನಂಜನಗೂಡಿಗೂ ಅದು ಅಷ್ಟೇ ದೂರ. ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದವರು, ಅಲ್ಲಿನ ಸಂತಾನ ವೇಣುಗೋಪಾಲಸ್ವಾಮಿಗೆ ಹರಕೆ ಹೊತ್ತು ದೂರದಿಂದ ಬರುವ ದಂಪತಿಗಳು, ತಿ. ನರಸೀಪುರದ ಕಡೆಯವರು ಇವರೆಲ್ಲರಿಗೆ ನಕ್ಷೆಯ ಪ್ರಕಾರ ಹತ್ತಿರದ ವಿಮಾನ ನಿಲ್ದಾಣ ಇದೇ. ಹಾಗಿದ್ದೂ ಈ ಭಾಗದಲ್ಲಿ ‘ಏರ್‌ಪೋರ್ಟಿಗೆ ಬಿಟ್ಟು ಬಂದೆ’ ಎಂದು ಯಾರಾದರೂ ಹೇಳಿದರೆ ಕೇಳಿದವರ ಮನಸ್ಸಿಗೆ ಬರುವುದು ದೇವನಹಳ್ಳಿ.

ಬೆಂಗಳೂರಿಗಷ್ಟೇ ಹೋಗಬೇಕಾದವರಿಗೆ ವಿಮಾನದ ಗೊಡವೆ ಬೇಕಿಲ್ಲ. ರೈಲು ದಾರಿ 140 ಕಿ.ಮೀ.ಗೂ ಕಡಿಮೆ, 2022ರ ನವೆಂಬರ್ 11ರಂದು ಶುರುವಾದ ಚೆನ್ನೈ–ಮೈಸೂರು ವಂದೇ ಭಾರತ್ ರೈಲು ಮೈಸೂರಿನಿಂದ ಬೆಂಗಳೂರಿಗೆ ಸುಮಾರು ಎರಡು ಗಂಟೆ ತೆಗೆದುಕೊಳ್ಳುತ್ತದೆ. ಇಳಿಸುವುದು ಊರ ನಡುವೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೆದ್ದಾರಿಯಲ್ಲಿ ಕಾರು ಕೆಂಗೇರಿ ತಲುಪಲು ಒಂದೂವರೆ ಗಂಟೆ ಸಾಕು. ವಿಮಾನದಲ್ಲಿ ಹೋಗುವವರು ಮಂಡಕಳ್ಳಿಗೆ ಒಂದು ಗಂಟೆ ಮುಂಚೆ ಹೋಗಿ, ಒಂದು ಗಂಟೆ ಪ್ರಯಾಣ ಮಾಡಿ, ದೇವನಹಳ್ಳಿಯಲ್ಲಿ ಇಳಿದು, ಅಲ್ಲಿಂದ ಹೆಬ್ಬಾಳದ ವಾಹನಗಳ ಸಾಲಿನಲ್ಲಿ ಮತ್ತೆ ಒಂದು ಗಂಟೆ ಕಳೆಯಬೇಕು. ರೈಲು ಹತ್ತಿದವರು ಅಷ್ಟರಲ್ಲಿ ಮೆಜೆಸ್ಟಿಕ್‌ನಲ್ಲಿ ತಿಂಡಿ ಮುಗಿಸಿರುತ್ತಾರೆ.

ದೇವನಹಳ್ಳಿಯಿಂದ ಮುಂದಕ್ಕೆ ಹಾರುವವರ ಸಂಗತಿ ಬೇರೆ. ಇದಕ್ಕೆ ಕಾರಣವಾದದ್ದು ನಿಲ್ದಾಣದ ಸ್ಥಳಾಂತರ. 2008ರ ಮೇ 24ರವರೆಗೆ ಬೆಂಗಳೂರಿನ ವಿಮಾನಗಳು ಇಳಿಯುತ್ತಿದ್ದುದು ಎಚ್‌ಎಎಲ್ ನಿಲ್ದಾಣದಲ್ಲಿ. ಮಂಡಕಳ್ಳಿಯಿಂದ ಅಲ್ಲಿಗೆ ವಾಯುದೂರ ಸುಮಾರು 136 ಕಿ.ಮೀ. ದೇವನಹಳ್ಳಿಗೆ ಹೋದ ಮೇಲೆ ಆಕಾಶದಲ್ಲಿ ಹೆಚ್ಚಿದ್ದು ಇಪ್ಪತ್ತೇ ಕಿಲೋಮೀಟರ್, ವಿಮಾನಕ್ಕೆ ಮೂರು ನಿಮಿಷದ ಮಾತು. ನೆಲದ ಮೇಲೆ ಬರುವವರಿಗೆ ಮಾತ್ರ ಇಡೀ ಬೆಂಗಳೂರು ಅಡ್ಡ ನಿಂತಿತು. ಮೈಸೂರಿನಿಂದ ನೇರವಾಗಿ ದೇವನಹಳ್ಳಿಗೆ ಓಡುವ ಕೆಎಸ್‌ಆರ್‌ಟಿಸಿ ಫ್ಲೈಬಸ್‌ಗೆ ನಾಲ್ಕು ಗಂಟೆಯ ಆಸುಪಾಸು ಬೇಕು. ಬೆಳಗಿನ ಜಾವದ ವಿಮಾನಕ್ಕೆ ನಂಜನಗೂಡು ಸೀಮೆಯವರು ಹಿಂದಿನ ರಾತ್ರಿ ಊಟ ಮುಗಿಸಿ ಹೊರಡುವುದು ವಾಡಿಕೆ. ಇಂಥವರಿಗೆ ಮಂಡಕಳ್ಳಿಯಿಂದ ಒಂದು ಗಂಟೆಯ ವಿಮಾನ ನಿಜವಾಗಿ ಉಪಕಾರಿ. ಆದರೆ ಅದರ ವೇಳೆ ಮುಂದಿನ ವಿಮಾನದ ವೇಳೆಗೆ ಕೂಡಿಬರಬೇಕು. ದಿನಕ್ಕೊಂದು ವಿಮಾನ, ಅದೂ ನಡುಹಗಲಿಗೆ ಎಂದಾದರೆ ಬಸ್ಸೇ ಗೆಲ್ಲುತ್ತದೆ.

ಕೊಡಗು, ಹುಣಸೂರು ಕಡೆಯವರಿಗೆ 2018ರ ಡಿಸೆಂಬರ್ 9ರಿಂದ ಇನ್ನೊಂದು ದಾರಿ ತೆರೆದಿದೆ. ಅಂದು ಆರಂಭವಾದ ಕಣ್ಣೂರು ನಿಲ್ದಾಣ ಮಂಡಕಳ್ಳಿಯಿಂದ ನೇರ ಗೆರೆಯಲ್ಲಿ ಸುಮಾರು 126 ಕಿ.ಮೀ., ದೇವನಹಳ್ಳಿಗಿಂತ ಹತ್ತಿರ. ನಡುವೆ ವಿರಾಜಪೇಟೆಯಾಚೆಯ ಮಾಕುಟ್ಟ ಘಾಟಿ ಇರುವುದರಿಂದ ಮಳೆಗಾಲದಲ್ಲಿ ಆ ಹತ್ತಿರವನ್ನು ನಂಬುವಂತಿಲ್ಲ.

ಮಂಡಕಳ್ಳಿಯ ನಿಂತು ನಡೆದ ಕಥೆ

ಮಂಡಕಳ್ಳಿಯ ವಿಮಾನ ಇಳಿದಾಣ ಮೈಸೂರು ಸಂಸ್ಥಾನದ ಕಾಲದ್ದು, 1940ರ ದಶಕದಲ್ಲಿ ಆದದ್ದು. 1985ರಲ್ಲಿ ವಾಯುದೂತ್ ಸಂಸ್ಥೆ ಬೆಂಗಳೂರಿಗೆ ಸಣ್ಣ ವಿಮಾನ ಹಾರಿಸಿತು. ಜನ ಹತ್ತಲಿಲ್ಲ, ನಿಂತಿತು. ಹೊಸ ಟರ್ಮಿನಲ್ ಕಟ್ಟಿ 2010ರ ಮೇ ತಿಂಗಳಲ್ಲಿ ಉದ್ಘಾಟಿಸಿದ ಮೇಲೆ ಅದೇ ವರ್ಷದ ಅಕ್ಟೋಬರ್ 1ರಂದು ಕಿಂಗ್‌ಫಿಷರ್ ಬಂತು, ಮರುವರ್ಷ ಹೋಯಿತು. 2013ರ ಜನವರಿಯಲ್ಲಿ ಸ್ಪೈಸ್‌ಜೆಟ್ ಬಂತು, 2014ರಲ್ಲಿ ಅದೂ ಹೋಯಿತು. 2015ರ ದಸರಾ ಹೊತ್ತಿಗೆ ಏರ್ ಇಂಡಿಯಾದ ಅಂಗಸಂಸ್ಥೆ ಕೆಲವೇ ವಾರ ಹಾರಿಸಿ ಕೈಬಿಟ್ಟಿತು. ಎಲ್ಲರೂ ಮೊದಲು ಹಿಡಿದದ್ದು ಬೆಂಗಳೂರಿನ ದಾರಿಯನ್ನೇ.

ಲೆಕ್ಕ ಸರಿಹೋದದ್ದು ದಾರಿ ಉದ್ದವಾದಾಗ. 2017ರ ಸೆಪ್ಟೆಂಬರ್‌ನಲ್ಲಿ ಉಡಾನ್ ಅಡಿ ಟ್ರೂಜೆಟ್ ಚೆನ್ನೈಗೆ ವಿಮಾನ ಬಿಟ್ಟಿತು. ಚೆನ್ನೈ 391 ಕಿ.ಮೀ.; ವಂದೇ ಭಾರತ್ ರೈಲಿಗೇ ಆರೂವರೆ ಗಂಟೆಯ ಹಾದಿ. 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರಿನ ಜೊತೆಗೆ ಹೈದರಾಬಾದ್, ಗೋವಾ, ಕೊಚ್ಚಿಗೂ ಹಾರಾಟ ಆರಂಭಿಸಿತು. ಗೋವಾ 463 ಕಿ.ಮೀ., ಕೊಚ್ಚಿ 231 ಕಿ.ಮೀ. ಆಮೇಲೆ ಇಂಡಿಗೊ ಕೂಡ ಬಂತು. ರೈಲಿನಲ್ಲಿ ಒಂದು ರಾತ್ರಿ ತಿನ್ನುವ ಹೈದರಾಬಾದಿನ ಪ್ರಯಾಣವನ್ನು ಎರಡು ಗಂಟೆಯೊಳಗೆ ಮುಗಿಸುವ ವಿಮಾನಕ್ಕೆ ಯಾರೂ ಜಾಹೀರಾತು ಕೊಡಬೇಕಾಗಿಲ್ಲ.

ಇನ್ನೂ ದೂರ ಹಾರಲು ತಡೆಯಾಗಿರುವುದು ರನ್‌ವೇ. ಮಂಡಕಳ್ಳಿಯದು 1,740 ಮೀಟರ್ ಉದ್ದ, ಎಟಿಆರ್‌ಗೆ ಸಾಕು. ಪ್ರಯಾಣಿಕರಿಂದ ತುಂಬಿದ ಏರ್‌ಬಸ್ 320ರಂಥ ಜೆಟ್ ಇಷ್ಟರಲ್ಲಿ ಏರಲಾರದು. ಏಳುನೂರು ಮೀಟರ್ ಎತ್ತರದಲ್ಲಿ, ಬೇಸಿಗೆಯ ಬಿಸಿಯಲ್ಲಿ ಗಾಳಿ ತೆಳುವಾಗುವುದರಿಂದ ಅದಕ್ಕೆ ಸಮುದ್ರಮಟ್ಟದಲ್ಲಿ ಬೇಕಾಗುವುದಕ್ಕಿಂತ ಉದ್ದದ ಓಟ ಬೇಕು. 2023ರಲ್ಲಿ ತೆರೆದ ಶಿವಮೊಗ್ಗ ನಿಲ್ದಾಣಕ್ಕೆ ಮೂರು ಸಾವಿರ ಮೀಟರ್ ಮೀರಿದ ರನ್‌ವೇ ಮೊದಲಿನಿಂದಲೇ ಸಿಕ್ಕಿತು. ಮಂಡಕಳ್ಳಿಯದನ್ನು 2,750 ಮೀಟರಿಗೆ ಹಿಗ್ಗಿಸುವ ಪ್ರಸ್ತಾವ ಬಹುಕಾಲದಿಂದ ಇದೆ. ಆದರೆ ಹೊಲ–ಗದ್ದೆಯ ಭೂಮಿ ಬೇಕು. ಜೊತೆಗೆ ಮೈಸೂರು–ನಂಜನಗೂಡು ಹೆದ್ದಾರಿ ಅಡ್ಡ ಬರುವುದರಿಂದ ಅದನ್ನು ರನ್‌ವೇಯ ಕೆಳಗೆ ಸುರಂಗದಂತೆ ಹಾಯಿಸಬೇಕು. ಅದು ಆದರೆ ಮುಂಬೈ ಮತ್ತು ದೆಹಲಿ ನೇರ ಹಾರಾಟದ ಅಳವಿಗೆ ಬರುತ್ತವೆ. ಮಂಡಕಳ್ಳಿಯಿಂದ ಮುಂಬೈಗೆ ವಾಯುದೂರ ಸುಮಾರು 860 ಕಿ.ಮೀ., ಜೆಟ್‌ನಲ್ಲಿ ಒಂದೂವರೆ ಗಂಟೆ ಚಿಲ್ಲರೆ. ದೆಹಲಿಗೆ 1,810 ಕಿ.ಮೀ., ಎರಡೂ ಮುಕ್ಕಾಲು ಗಂಟೆಯ ಆಸುಪಾಸು. ಹೆಮ್ಮರಗಾಲದಿಂದ ಹೊರಟವರು ಇಂದು ದೇವನಹಳ್ಳಿಯ ಬಾಗಿಲು ತಲುಪಲು ಅದಕ್ಕಿಂತ ಹೆಚ್ಚು ಹೊತ್ತು ರಸ್ತೆಯಲ್ಲಿರುತ್ತಾರೆ.